ಸಿ.ವಿ. ರಾಮನ್‌ಗೆ ನೊಬೆಲ್ ಬಂದದ್ದು ಆಕಾಶದ ನೀಲಿಗಾ?

ಫೆಬ್ರವರಿ 28 ಬಂತೆಂದರೆ ಈ ಫಾರ್ವರ್ಡ್ ತಪ್ಪದೆ ಬರುತ್ತದೆ: ಆಕಾಶ ಏಕೆ ನೀಲಿ ಎಂದು ಕಂಡುಹಿಡಿದದ್ದಕ್ಕೆ ಸರ್ ಸಿ.ವಿ. ರಾಮನ್ ಅವರಿಗೆ ನೊಬೆಲ್ ಸಿಕ್ಕಿತು ಅಂತ. ಇದು ತಪ್ಪು. ಆಕಾಶದ ನೀಲಿಯನ್ನು ಇಂಗ್ಲೆಂಡಿನ ರ‍್ಯಾಲೆ 1871ರಲ್ಲೇ ವಿವರಿಸಿದ್ದರು. ಆಗ ರಾಮನ್ ಹುಟ್ಟಿರಲೇ ಇಲ್ಲ.

1888ರಲ್ಲಿ ತಿರುಚಿರಾಪಳ್ಳಿಯಲ್ಲಿ ಹುಟ್ಟಿದ ರಾಮನ್ 1907ರಲ್ಲಿ ಕಲ್ಕತ್ತಾದಲ್ಲಿ ಹಣಕಾಸು ಇಲಾಖೆಯ ಅಧಿಕಾರಿಯಾದರು. ಹಗಲು ಲೆಕ್ಕಪತ್ರ, ಬೆಳಿಗ್ಗೆ ಮತ್ತು ಸಂಜೆ ಬೌಬಜಾರಿನ ಪ್ರಯೋಗಾಲಯ. 1917ರಲ್ಲಿ ಆ ಒಳ್ಳೆಯ ಸಂಬಳ ಬಿಟ್ಟು ಪ್ರಾಧ್ಯಾಪಕರಾದರು. 1921ರಲ್ಲಿ ಹಡಗಿನಿಂದ ಮೆಡಿಟರೇನಿಯನ್ ಸಮುದ್ರದ ನೀಲಿ ಕಂಡು, ಅದು ಬರೀ ಆಕಾಶದ ಪ್ರತಿಬಿಂಬವಲ್ಲ, ನೀರಿನ ಅಣುಗಳೂ ಬೆಳಕನ್ನು ಚದುರಿಸುತ್ತವೆ ಎಂದು ತೋರಿಸಿದರು. (ನೀರು ಕೆಂಪು ಬೆಳಕನ್ನು ಹೀರಿಕೊಳ್ಳುವುದೂ ದೊಡ್ಡ ಕಾರಣ ಎಂದು ಈಗ ಗೊತ್ತಿದೆ.) ಫಾರ್ವರ್ಡ್ ಹುಟ್ಟಿದ್ದು ಬಹುಶಃ ಇಲ್ಲಿಂದಲೇ.

ನೊಬೆಲ್ ತಂದದ್ದು ಏಳು ವರ್ಷದ ನಂತರದ ಕೆಲಸ. ಅದು ಅರ್ಥವಾಗಬೇಕಾದರೆ ಪರಮಾಣುವಿನ ಒಂದು ಹಠ ತಿಳಿದಿರಬೇಕು. ನಮ್ಮ ಅಂಬಿಕಾನಗರದ ಹತ್ತಿರದ ನಾಗಝರಿ ವಿದ್ಯುದಾಗಾರದಲ್ಲಿ ಟರ್ಬೈನಿಗೆ ಬಿಡುವ ನೀರನ್ನು ಚೂರುಚೂರೇ ಹೆಚ್ಚಿಸಬಹುದು, ಇಳಿಸಬಹುದು. ಪರಮಾಣು ಹಾಗಲ್ಲ. ಅದರ ಶಕ್ತಿ ಮೆಟ್ಟಿಲಿನ ಹಾಗೆ. ಈ ಮೆಟ್ಟಿಲು, ಇಲ್ಲವೇ ಆ ಮೆಟ್ಟಿಲು, ನಡುವೆ ನಿಲ್ಲುವಂತಿಲ್ಲ. ಮೇಲೇರಲು ಎರಡರ ಅಂತರದಷ್ಟೇ ಶಕ್ತಿ ಬೇಕು, ಇಳಿಯುವಾಗ ಅಷ್ಟೇ ಶಕ್ತಿ ಬೆಳಕಾಗಿ ಹೊರಬರುತ್ತದೆ. ಅದಕ್ಕೇ ಪಾದರಸದ ದೀಪವನ್ನು ಪಟ್ಟಕದ ಮೂಲಕ ನೋಡಿದರೆ ಪೂರ್ತಿ ಕಾಮನಬಿಲ್ಲಿನ ಬದಲು ಕೆಲವೇ ಬಣ್ಣದ ಗೆರೆಗಳು ಎದ್ದು ಕಾಣುತ್ತವೆ.

ರಾಮನ್ ಮತ್ತು ಕೆ.ಎಸ್. ಕೃಷ್ಣನ್ ಮೊದಲು ಬಿಸಿಲನ್ನೇ ಬಳಸಿದರು, ಆಮೇಲೆ ಈ ದೀಪವನ್ನು. ಅದರ ನೀಲಿ ಬೆಳಕನ್ನು ಬೆಂಜೀನ್‌ನಂಥ ದ್ರವಗಳಿಗೆ ಹಾಯಿಸಿದಾಗ, ಚದುರಿದ ಬೆಳಕಿನಲ್ಲಿ ದೀಪದಲ್ಲಿಲ್ಲದ ಹೊಸ ಗೆರೆಗಳು ಕಂಡವು. ಅಣುಗಳ ಕಂಪನಕ್ಕೂ ಮೆಟ್ಟಿಲುಗಳಿವೆ. ಬೆಳಕು ಅಣುವನ್ನು ಒಂದು ಮೆಟ್ಟಿಲು ಏರಿಸಿ, ಅಷ್ಟು ಶಕ್ತಿ ಕಳೆದುಕೊಂಡು, ಕೆಂಪಿನ ಕಡೆಗೆ ತುಸು ಸರಿದಿತ್ತು. ಈ ಸರಿತ ಒಂದೊಂದು ವಸ್ತುವಿಗೂ ಬೇರೆ, ಬೆರಳಚ್ಚಿನ ಹಾಗೆ. ಮಾತ್ರೆ ಅಸಲಿಯೋ ನಕಲಿಯೋ ಎಂದು ಪುಡಿ ಮಾಡದೆಯೇ ಹೇಳುವ ಕೈಯಂತ್ರಗಳು ಇವತ್ತು ನೋಡುವುದು ಇದನ್ನೇ. 1928ರ ಫೆಬ್ರವರಿ 28ರ ಈ ಶೋಧಕ್ಕೆ 1930ರಲ್ಲಿ ನೊಬೆಲ್ ಬಂತು.

1933ರಲ್ಲಿ ರಾಮನ್ ಬೆಂಗಳೂರಿಗೆ ಬಂದು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಜನ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾದರು. 1937ರಲ್ಲಿ ಆ ಹುದ್ದೆ ಬಿಟ್ಟರೂ ಊರು ಬಿಡಲಿಲ್ಲ. ಮೈಸೂರು ಮಹಾರಾಜರು ಕೊಟ್ಟ ಜಾಗದಲ್ಲಿ 1948ರಲ್ಲಿ ತಮ್ಮದೇ ಸಂಸ್ಥೆ ಕಟ್ಟಿ, ವಜ್ರ, ಹರಳು, ಹೂವಿನ ಬಣ್ಣಗಳ ಹಿಂದೆ ಬಿದ್ದರು. 1970ರ ನವೆಂಬರ್ 21ರಂದು ತೀರಿಕೊಂಡಾಗ ಅಂತ್ಯಸಂಸ್ಕಾರವೂ ಅದೇ ಸಂಸ್ಥೆಯ ತೋಟದಲ್ಲಿ ನಡೆಯಿತು.