ಗಿಡ ಹಗಲಲ್ಲೂ ಉಸಿರಾಡುತ್ತೆ! ಆಲೂಗಡ್ಡೆಯಲ್ಲಿ ಆ ಗುಟ್ಟು ಹುಡುಕಿದ್ದ ಮುಂಬೈನ ಕಮಲಾ ಸೋಹೊನಿ

ಮುಂಬೈ: ಗಿಡಗಳು ಯಾವಾಗ ಉಸಿರಾಡುತ್ತವೆ ಎಂದು ಹೈಸ್ಕೂಲ್ ಮಕ್ಕಳನ್ನು ಕೇಳಿ ನೋಡಿ. ಹಗಲು ದ್ಯುತಿಸಂಶ್ಲೇಷಣೆ, ರಾತ್ರಿ ಉಸಿರಾಟ ಎಂದು ಹಲವರು ಹೇಳುತ್ತಾರೆ. ರಾತ್ರಿ ಹುಣಸೆ ಮರದ ಕೆಳಗೆ ಮಲಗಬಾರದು ಎಂಬ ಹಿರಿಯರ ಮಾತೂ ಇದಕ್ಕೆ ಪುಷ್ಟಿ ಕೊಡುತ್ತದೆ. ಆದರೆ ಉತ್ತರ ತಪ್ಪು. ಗಿಡದ ಜೀವಕೋಶಗಳು 24 ಗಂಟೆಯೂ ಉಸಿರಾಡುತ್ತವೆ. ಬಿಸಿಲಲ್ಲಿ ಎಲೆ ತಾನು ಬಳಸುವುದಕ್ಕಿಂತ ಹೆಚ್ಚು ಆಮ್ಲಜನಕ ಹೊರಬಿಡುವುದರಿಂದ ಅದು ನಮಗೆ ಗೊತ್ತಾಗುವುದಿಲ್ಲ, ಅಷ್ಟೇ.

ಈ ಉಸಿರಾಟದ ಬೆನ್ನು ಹತ್ತಿದವರು ಜೀವರಸಾಯನ ವಿಜ್ಞಾನಿ ಕಮಲಾ ಸೋಹೊನಿ. 1911ರಲ್ಲಿ ಇಂದೋರ್‌ನಲ್ಲಿ ಹುಟ್ಟಿದ ಕಮಲಾ ಭಾಗವತ್, 1933ರಲ್ಲಿ ಬಾಂಬೆ ವಿಶ್ವವಿದ್ಯಾಲಯದಿಂದ ಬಿಎಸ್ಸಿ ಮುಗಿಸಿ ಬೆಂಗಳೂರಿನ ಐಐಎಸ್‌ಸಿಗೆ ಅರ್ಜಿ ಹಾಕಿದರು. ಅವರ ತಂದೆ ಓದಿದ್ದೂ ಅಲ್ಲೇ. ಆದರೆ ಹೆಣ್ಣುಮಗಳು ಎಂಬ ಕಾರಣಕ್ಕೆ ನಿರ್ದೇಶಕ ಸಿ.ವಿ. ರಾಮನ್ ಪ್ರವೇಶ ನಿರಾಕರಿಸಿದರು. ಕಮಲಾ ಪಟ್ಟು ಬಿಡಲಿಲ್ಲ. ಕೊನೆಗೆ ಷರತ್ತುಗಳ ಮೇಲೆ ಸೇರಿ, ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನ್ ಬಗ್ಗೆ ಕೆಲಸ ಮಾಡಿ, 1936ರಲ್ಲಿ ಎಂಎಸ್ಸಿ ಪಡೆದರು.

ಅವರ ಬಗ್ಗೆ ಬರೆಯುವವರೆಲ್ಲ ರಾಮನ್ ಪ್ರಸಂಗವನ್ನೇ ವಿಸ್ತರಿಸುತ್ತಾರೆ. ಆಲೂಗಡ್ಡೆಗೆ ಸಿಗುವುದು ಒಂದೇ ಸಾಲು!

ಕೇಂಬ್ರಿಡ್ಜ್‌ನಲ್ಲಿ ಅವರಿಗೆ ಮಾರ್ಗದರ್ಶಕರಾಗಿದ್ದವರು ರಾಬಿನ್ ಹಿಲ್. ಎಲೆಯಿಂದ ಬೇರ್ಪಡಿಸಿದ ಹರಿತ್ತಿನ ಕಣಗಳೂ ಬೆಳಕಿನಲ್ಲಿ ಆಮ್ಲಜನಕ ಬಿಡುತ್ತವೆ ಎಂದು ತೋರಿಸಿದ, ದ್ಯುತಿಸಂಶ್ಲೇಷಣೆ ಸಂಶೋಧನೆಯ ದೊಡ್ಡ ಹೆಸರು. ಅವರ ಬಳಿ ಕಮಲಾ ಕೈಗೆತ್ತಿಕೊಂಡಿದ್ದು ಆಲೂಗಡ್ಡೆ. ಮಣ್ಣೊಳಗಿನ ಗೆಡ್ಡೆಗೆ ಹಸಿರೂ ಇಲ್ಲ, ಬೆಳಕೂ ಇಲ್ಲ. ಆದರೂ ಅದು ಜೀವಂತ. ಎಲೆ ತಯಾರಿಸಿ ಕಳಿಸಿದ ಆಹಾರವನ್ನು ಉಸಿರಾಟದ ಮೂಲಕ ಶಕ್ತಿಯಾಗಿಸಿಕೊಂಡೇ ಬದುಕಬೇಕು. ಆ ಕೆಲಸದಲ್ಲಿ ಪಾತ್ರ ವಹಿಸುವ ಸೈಟೋಕ್ರೋಮ್ ಸಿ ಎಂಬ ಪ್ರೋಟೀನ್ ಸಸ್ಯಕೋಶಗಳಲ್ಲಿ ಇರುವುದನ್ನು ಅವರು ಕಂಡುಕೊಂಡರು. ಪ್ರಾಣಿಗಳ ಉಸಿರಾಟದಲ್ಲಿ ದುಡಿಯುವುದೂ ಇದೇ ಪ್ರೋಟೀನ್. ಹಗಲು-ರಾತ್ರಿಯ ಭೇದ ಇದಕ್ಕಿಲ್ಲ.

ಪ್ರಬಂಧ ಬರೀ 40 ಪುಟ. 1939ರಲ್ಲಿ ಪಿಎಚ್‌ಡಿ ಕೈಗೆ ಬಂತು. ವಿಜ್ಞಾನದಲ್ಲಿ ಈ ಪದವಿ ಪಡೆದ ಮೊದಲ ಭಾರತೀಯ ಮಹಿಳೆ ಎಂದು ಅವರನ್ನು ಗುರುತಿಸಲಾಗುತ್ತದೆ.

ದೆಹಲಿ, ಕೂನೂರಿನಲ್ಲಿ ಕೆಲಸ ಮಾಡಿ, 1947ರಲ್ಲಿ ಎಂ.ವಿ. ಸೋಹೊನಿ ಅವರನ್ನು ಮದುವೆಯಾಗಿ ಮುಂಬೈಗೆ ಬಂದರು. ಇಲ್ಲಿನ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ ವಿದ್ಯಾರ್ಥಿಗಳೊಂದಿಗೆ ನೀರಾ, ತಾಳೆಬೆಲ್ಲ, ಬೇಳೆಕಾಳುಗಳ ಪೌಷ್ಟಿಕತೆ ಪರೀಕ್ಷಿಸಿದರು. ಬಡ ಮಕ್ಕಳ ತಟ್ಟೆಗೆ ಏನು ಸೇರಬೇಕು ಎಂಬುದೇ ಆ ಸಂಶೋಧನೆಯ ಪ್ರಶ್ನೆ. ನೀರಾ ಕುರಿತ ಕೆಲಸಕ್ಕೆ ರಾಷ್ಟ್ರಪತಿ ಪ್ರಶಸ್ತಿಯೂ ಬಂತು. ಸಂಸ್ಥೆಯ ನಿರ್ದೇಶಕರ ಹುದ್ದೆ ಮಾತ್ರ ತಡವಾಗಿ ಸಿಕ್ಕಿತು.

ನಿವೃತ್ತಿಯ ನಂತರವೂ ಗ್ರಾಹಕರ ಸಂಘಟನೆಯಲ್ಲಿ ಆಹಾರ ಕಲಬೆರಕೆ ವಿರುದ್ಧ ದುಡಿದ ಅವರು 1998ರಲ್ಲಿ ನಿಧನರಾದರು.