ಎಮಿಲಿ ದು ಶಾಟ್ಲೆ

ಎಮಿಲಿ ದು ಶಾಟ್ಲೆ (17 ಡಿಸೆಂಬರ್ 1706 – 10 ಸೆಪ್ಟೆಂಬರ್ 1749) ಫ್ರಾನ್ಸ್ ದೇಶದ ಗಣಿತಜ್ಞೆ, ಭೌತವಿಜ್ಞಾನ ಲೇಖಕಿ ಹಾಗೂ ಅನುವಾದಕಿ. ಚಲಿಸುವ ವಸ್ತುವಿನ ಸಾಮರ್ಥ್ಯವು ಅದರ ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ ಎಂಬ ವಿಚಾರವನ್ನು ಫ್ರೆಂಚ್ ಓದುಗರ ಮುಂದೆ ಸಮರ್ಥವಾಗಿ ಪ್ರತಿಪಾದಿಸಿದವರಲ್ಲಿ ಇವರು ಪ್ರಮುಖರು. ಇಂದು ಶಾಲೆಗಳಲ್ಲಿ ಕಲಿಸುವ ಚಲನಶಕ್ತಿಯ ಪರಿಕಲ್ಪನೆ ಬೆಳೆದುಬಂದ ಹಾದಿಯಲ್ಲಿ ಇವರ ಬರವಣಿಗೆಗೆ ಮುಖ್ಯ ಸ್ಥಾನವಿದೆ. ನ್ಯೂಟನ್ನನ ಪ್ರಿನ್ಸಿಪಿಯಾ ಗ್ರಂಥವನ್ನು ಲ್ಯಾಟಿನ್ ಭಾಷೆಯಿಂದ ಫ್ರೆಂಚಿಗೆ ಅನುವಾದಿಸಿದವರೂ ಇವರೇ.

ಬಾಲ್ಯ ಮತ್ತು ಶಿಕ್ಷಣ

ಎಮಿಲಿ ಪ್ಯಾರಿಸ್ ನಗರದ ಶ್ರೀಮಂತ ಮನೆತನವೊಂದರಲ್ಲಿ ಜನಿಸಿದರು. ತಂದೆ ಲೂಯಿ ನಿಕೊಲಾ ದ ಬ್ರೆತೈ ಅವರು ಹದಿನಾಲ್ಕನೆಯ ಲೂಯಿಯ ಆಸ್ಥಾನದಲ್ಲಿ ವಿದೇಶಿ ರಾಯಭಾರಿಗಳನ್ನು ದೊರೆಯ ಸನ್ನಿಧಿಗೆ ಕರೆದೊಯ್ಯುವ ಅಧಿಕಾರಿಯಾಗಿದ್ದರು. ಆ ಕಾಲದಲ್ಲಿ ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯಗಳ ಬಾಗಿಲು ಮುಚ್ಚಿತ್ತು. ಆದರೂ ಎಮಿಲಿ ಮನೆಯಲ್ಲಿಯೇ ಲ್ಯಾಟಿನ್ ಮೊದಲಾದ ಭಾಷೆಗಳನ್ನು ಕಲಿತರು. 1725ರಲ್ಲಿ ಸೇನಾಧಿಕಾರಿಯಾಗಿದ್ದ ಮಾರ್ಕ್ವಿಸ್ ದು ಶಾಟ್ಲೆ ಅವರೊಡನೆ ವಿವಾಹವಾಯಿತು. ದಂಪತಿಗಳಿಗೆ ಮೂವರು ಮಕ್ಕಳು ಜನಿಸಿದರು. ಅವರಲ್ಲೊಬ್ಬನು ಶೈಶವದಲ್ಲಿಯೇ ತೀರಿಕೊಂಡನು.

ಎಮಿಲಿಯವರ ಗಂಭೀರ ಗಣಿತಾಭ್ಯಾಸ ಆರಂಭವಾದದ್ದು ವಿವಾಹದ ನಂತರ. ಪ್ರಸಿದ್ಧ ಗಣಿತಜ್ಞರಾದ ಮೊಪರ್ಟ್ವಿ ಮತ್ತು ಕ್ಲೇರೊ ಅವರಿಗೆ ಪಾಠ ಹೇಳಿದರು. 1733ರಲ್ಲಿ ಸಾಹಿತಿ ವಾಲ್ಟೇರ್ ಅವರ ಒಡನಾಟ ದೊರೆಯಿತು. ಷಾಂಪೇನ್ ಪ್ರಾಂತ್ಯದ ಸಿರೇ ಎಂಬಲ್ಲಿ ಶಾಟ್ಲೆ ಮನೆತನದ ಭವನವಿತ್ತು. ಇಬ್ಬರೂ ಅಲ್ಲಿ ಗ್ರಂಥಗಳನ್ನೂ ಪ್ರಯೋಗೋಪಕರಣಗಳನ್ನೂ ಕೂಡಿಸಿಕೊಂಡು ಹಲವು ವರ್ಷ ಅಧ್ಯಯನ ನಡೆಸಿದರು.

ಬೆಂಕಿಯ ಸ್ವರೂಪವನ್ನು ಕುರಿತು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ ಏರ್ಪಡಿಸಿದ್ದ ಸ್ಪರ್ಧೆಗೆ ಎಮಿಲಿ 1737ರಲ್ಲಿ ಪ್ರಬಂಧವೊಂದನ್ನು ಬರೆದರು. ವಾಲ್ಟೇರ್ ಕೂಡ ಅದೇ ಸ್ಪರ್ಧೆಗೆ ಬರೆಯುತ್ತಿದ್ದುದರಿಂದ ಅವರಿಗೂ ತಿಳಿಸದೆ ರಾತ್ರಿಯ ವೇಳೆ ಈ ಕೆಲಸ ಮಾಡಿದರು. ಇಬ್ಬರಿಗೂ ಬಹುಮಾನ ಬರಲಿಲ್ಲ. ಆದರೆ ಅಕಾಡೆಮಿಯು ಇಬ್ಬರ ಪ್ರಬಂಧಗಳನ್ನೂ ಮುದ್ರಿಸಿತು.

ಭೌತವಿಜ್ಞಾನದ ಪಠ್ಯಗ್ರಂಥ

1740ರಲ್ಲಿ ಎಮಿಲಿಯವರ ಮುಖ್ಯ ಕೃತಿ ‘ಭೌತವಿಜ್ಞಾನದ ಬೋಧನೆಗಳು’ ಲೇಖಕಿಯ ಹೆಸರಿಲ್ಲದೆ ಪ್ರಕಟವಾಯಿತು. ಇದು ಹದಿಮೂರರ ಆಸುಪಾಸಿನಲ್ಲಿದ್ದ ತಮ್ಮ ಮಗನ ಓದಿಗಾಗಿ ರಚಿಸಿದ ಗ್ರಂಥ. ನ್ಯೂಟನ್ನನ ಭೌತವಿಜ್ಞಾನವನ್ನೂ ಜರ್ಮನಿಯ ಲೈಬ್ನಿಟ್ಸನ ತತ್ತ್ವಗಳನ್ನೂ ಒಂದೆಡೆ ಕೂಡಿಸಿ ವಿವರಿಸಿದ್ದು ಇದರ ವಿಶೇಷ. ಇವರಿಗೆ ಕೆಲಕಾಲ ಪಾಠ ಹೇಳಿದ್ದ ಸ್ಯಾಮ್ಯುಯೆಲ್ ಕೋನಿಗ್, ಗ್ರಂಥದ ವಿಚಾರಗಳು ತನ್ನವೆಂದು ಆರೋಪ ಹೊರಿಸಿದನು. ಆದರೂ ಕೃತಿಯ ಕೀರ್ತಿ ಕುಗ್ಗಲಿಲ್ಲ. 1742ರಲ್ಲಿ ಎರಡನೆಯ ಆವೃತ್ತಿ ಹೊರಬಂದಿತು. 1743ರಲ್ಲಿ ಜರ್ಮನ್ ಮತ್ತು ಇಟಾಲಿಯನ್ ಭಾಷೆಗಳಿಗೆ ಅದು ಅನುವಾದಗೊಂಡಿತು.

ವೇಗದ ವರ್ಗದ ವಿವಾದ

ಚಲಿಸುವ ವಸ್ತುವಿನಲ್ಲಿರುವ ‘ಬಲ’ವನ್ನು ಅಳೆಯುವುದು ಹೇಗೆ ಎಂಬುದು ಅಂದಿನ ದೊಡ್ಡ ಚರ್ಚೆ. ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿದರೆ ಸಾಕೆಂದು ಡೆಕಾರ್ಟನ ಅನುಯಾಯಿಗಳು ವಾದಿಸುತ್ತಿದ್ದರು. ವೇಗದ ವರ್ಗದಿಂದ ಗುಣಿಸಬೇಕೆಂಬುದು ಲೈಬ್ನಿಟ್ಸನ ಮತ. ಆತ ಇದನ್ನು ‘ಸಜೀವ ಬಲ’ ಎಂದು ಕರೆದನು.

ಲೈಬ್ನಿಟ್ಸನ ವಾದಕ್ಕೆ ಹಾಲೆಂಡಿನ ವಿಜ್ಞಾನಿ ವಿಲ್ಲೆಮ್ ಗ್ರಾವೆಸಾಂಡೆ 1722ರ ಸುಮಾರಿಗೆ ನಡೆಸಿದ ಪ್ರಯೋಗ ಬೆಂಬಲ ನೀಡಿತು. ಆತ ಹಿತ್ತಾಳೆಯ ಗುಂಡುಗಳನ್ನು ಬೇರೆ ಬೇರೆ ಎತ್ತರಗಳಿಂದ ಮೆದು ಜೇಡಿಮಣ್ಣಿನ ಮೇಲೆ ಬೀಳಿಸಿ, ಉಂಟಾದ ಕುಳಿಗಳನ್ನು ಅಳೆದನು. ಬೀಳುವ ವೇಗ ಎರಡರಷ್ಟಾದರೆ ಕುಳಿ ನಾಲ್ಕರಷ್ಟು, ಮೂರರಷ್ಟಾದರೆ ಒಂಬತ್ತರಷ್ಟು ಆಗುತ್ತಿತ್ತು. ವೇಗವನ್ನು ಎರಡರಷ್ಟು ಮಾಡಲು ಗುಂಡನ್ನು ನಾಲ್ಕರಷ್ಟು ಎತ್ತರದಿಂದ ಬಿಡಬೇಕಾಗಿತ್ತು. ಇಂದಿನ ಪಾಠದ ಮಾತಿನಲ್ಲಿ ಹೇಳುವುದಾದರೆ, ಎತ್ತರದಲ್ಲಿ ಹಿಡಿದ ಗುಂಡಿನಲ್ಲಿ ಪ್ರಚ್ಛನ್ನ ಶಕ್ತಿ ಇರುತ್ತದೆ. ಬೀಳುವಾಗ ಅದು ಚಲನಶಕ್ತಿಯಾಗಿ ಮಾರ್ಪಡುತ್ತದೆ. ಮಣ್ಣನ್ನು ಒತ್ತಿ ಕುಳಿ ಮಾಡುವ ಕೆಲಸದಲ್ಲಿ ಆ ಶಕ್ತಿ ವ್ಯಯವಾಗುತ್ತದೆ.

ಈ ಪ್ರಯೋಗವನ್ನು ಎಮಿಲಿಯವರೇ ಮಾಡಿದರೆಂದು ಕೆಲವೆಡೆ ಹೇಳುವುದುಂಟು. ಅದು ಸರಿಯಲ್ಲ. ಇಂತಹ ಪ್ರಯೋಗಗಳ ಅರ್ಥವನ್ನು ತಮ್ಮ ಗ್ರಂಥದ ಕೊನೆಯ ಅಧ್ಯಾಯದಲ್ಲಿ ತರ್ಕಬದ್ಧವಾಗಿ ಬಿಡಿಸಿಟ್ಟು ಸಮರ್ಥಿಸಿದ್ದು ಅವರ ಕೊಡುಗೆ. ಅದೇ ಅಧ್ಯಾಯದಲ್ಲಿ ಅವರು ವಿಜ್ಞಾನ ಅಕಾಡೆಮಿಯ ಮೇರಾನ್ ಅವರ ವಾದದ ದೋಷಗಳನ್ನೂ ತೋರಿಸಿದ್ದರು. ಮೇರಾನ್ ಅಕಾಡೆಮಿಯ ಕಾರ್ಯದರ್ಶಿಯಾದ ಮೇಲೆ 1741ರಲ್ಲಿ ಬಹಿರಂಗ ಪತ್ರದ ಮೂಲಕ ಉತ್ತರಿಸಿದರು. ಎಮಿಲಿ ಕೆಲವೇ ವಾರಗಳಲ್ಲಿ ಪ್ರತ್ಯುತ್ತರವನ್ನು ಮುದ್ರಿಸಿದರು. ಸದಸ್ಯತ್ವ ಪಡೆಯಲು ಹೆಣ್ಣಿಗೆ ಅವಕಾಶವೇ ಇಲ್ಲದ ಸಂಸ್ಥೆಯ ಕಾರ್ಯದರ್ಶಿಯೊಡನೆ ಮಹಿಳೆಯೊಬ್ಬರು ಸಮಾನವಾಗಿ ವಾದಕ್ಕಿಳಿದದ್ದು ಅಂದು ಅಪರೂಪದ ಸಂಗತಿ. 1746ರಲ್ಲಿ ಇಟಲಿಯ ಬೊಲೊನ್ಯಾ ಅಕಾಡೆಮಿ ಅವರನ್ನು ಸದಸ್ಯೆಯಾಗಿ ಸ್ವೀಕರಿಸಿತು.

ಪ್ರಿನ್ಸಿಪಿಯಾ ಅನುವಾದ ಮತ್ತು ನಿಧನ

1740ರ ದಶಕದ ಮಧ್ಯಭಾಗದಿಂದ ಎಮಿಲಿ ಪ್ರಿನ್ಸಿಪಿಯಾದ ಅನುವಾದದಲ್ಲಿ ತೊಡಗಿದ್ದರು. ಅನುವಾದಕ್ಕೆ ತಮ್ಮದೇ ಆದ ವಿಸ್ತಾರವಾದ ವ್ಯಾಖ್ಯಾನವನ್ನೂ ಸೇರಿಸಿದರು. ಕವಿ ಸೇಂಟ್ ಲ್ಯಾಂಬರ್ಟ್ ಅವರೊಡನೆ ಬೆಳೆದ ಸಂಬಂಧದಿಂದ 1749ರಲ್ಲಿ ನಲವತ್ತೆರಡನೆಯ ವಯಸ್ಸಿನಲ್ಲಿ ಗರ್ಭಿಣಿಯಾದರು. ಹೆರಿಗೆಯಲ್ಲಿ ಬದುಕಿ ಉಳಿಯುವುದು ಸಂದೇಹವೆಂಬ ಭೀತಿ ಅವರನ್ನು ಕಾಡಿತು. ಅದರಿಂದಾಗಿ ನಿದ್ರೆಯನ್ನು ಮೊಟಕುಗೊಳಿಸಿ, ಭೇಟಿಗಳನ್ನು ಕಡಿಮೆ ಮಾಡಿ, ಬರವಣಿಗೆಯನ್ನು ಪೂರ್ಣಗೊಳಿಸಿದರು. ಹಸ್ತಪ್ರತಿ ಕಳೆದುಹೋಗದಂತೆ ಅದನ್ನು ಪ್ಯಾರಿಸ್ಸಿನ ರಾಜ ಗ್ರಂಥಾಲಯಕ್ಕೆ ಒಪ್ಪಿಸಿದರು. ಸೆಪ್ಟೆಂಬರ್ ಮೊದಲ ವಾರದಲ್ಲಿ ಲೊರೇನ್ ಪ್ರಾಂತ್ಯದ ಲ್ಯೂನೆವಿಲ್‌ನಲ್ಲಿ ಹೆಣ್ಣುಮಗುವಿಗೆ ಜನ್ಮವಿತ್ತು, ಕೆಲವೇ ದಿನಗಳಲ್ಲಿ, 10ರಂದು ನಿಧನರಾದರು. ಆ ಮಗುವೂ ಬಹುಕಾಲ ಬದುಕಲಿಲ್ಲ.

ಸಂಪೂರ್ಣ ಅನುವಾದವು ಹತ್ತು ವರ್ಷಗಳ ನಂತರ, 1759ರಲ್ಲಿ ಪ್ರಕಟವಾಯಿತು. ನ್ಯೂಟನ್ನನ ತತ್ತ್ವಗಳ ಆಧಾರದ ಮೇಲೆ ಮುನ್ಸೂಚಿಸಲಾಗಿದ್ದ ಹ್ಯಾಲಿ ಧೂಮಕೇತು ಮರಳಿ ಬಂದದ್ದೂ ಅದೇ ವರ್ಷ.

ನಂತರದ ಬೆಳವಣಿಗೆ

ವಿವಾದದ ಎರಡು ಪಕ್ಷಗಳೂ ಬೇರೆ ಬೇರೆ ಪರಿಮಾಣಗಳನ್ನು ಅಳೆಯುತ್ತಿದ್ದವೆಂಬುದು ಕ್ರಮೇಣ ಸ್ಪಷ್ಟವಾಯಿತು. ದ್ರವ್ಯರಾಶಿ ಮತ್ತು ವೇಗದ ಗುಣಲಬ್ಧ ಸಂವೇಗ. ವೇಗದ ವರ್ಗಕ್ಕೆ ಸಂಬಂಧಿಸಿದ್ದು ಶಕ್ತಿ. 1829ರಲ್ಲಿ ಫ್ರಾನ್ಸಿನ ಕೊರಿಯೊಲಿಸ್ ಈ ಅಳತೆಗೆ ಅರ್ಧ ಎಂಬ ಗುಣಾಂಕವನ್ನು ಸೇರಿಸಿ ಈಗಿನ ಸೂತ್ರಕ್ಕೆ ರೂಪ ನೀಡಿದನು. 1853ರಲ್ಲಿ ಸ್ಕಾಟ್ಲೆಂಡಿನ ರ‍್ಯಾಂಕಿನ್ ಪ್ರಚ್ಛನ್ನ ಶಕ್ತಿಗೆ ಇಂಗ್ಲಿಷಿನಲ್ಲಿ ಇಂದಿರುವ ಹೆಸರನ್ನು ಬಳಕೆಗೆ ತಂದನು.

ಎಮಿಲಿಯವರು ಬಹುಕಾಲ ವಾಲ್ಟೇರರ ಗೆಳತಿಯೆಂದೇ ಪರಿಚಿತರಾಗಿದ್ದರು. ಇಪ್ಪತ್ತನೆಯ ಶತಮಾನದಲ್ಲಿ ವಿಜ್ಞಾನದ ಇತಿಹಾಸಕಾರರು ಇವರ ಕೃತಿಗಳತ್ತ ಮತ್ತೆ ಗಮನ ಹರಿಸಿದ ಮೇಲೆ ಸ್ವತಂತ್ರ ಚಿಂತಕಿಯಾಗಿ ಇವರಿಗೆ ಮನ್ನಣೆ ದೊರೆಯಿತು. ಇವರ ಪ್ರಿನ್ಸಿಪಿಯಾ ಅನುವಾದ ಫ್ರೆಂಚ್ ಭಾಷೆಯಲ್ಲಿ ಇಂದಿಗೂ ಬಳಕೆಯಲ್ಲಿದೆ.