ಹಬೆಯನ್ನು ದುಡಿಸಿದ ನಾರ್ಬರ್ಟ್ ರಿಲಿಯೂ

ಮಂಡ್ಯ, ಮದ್ದೂರು, ಮಳವಳ್ಳಿಗಳ ಸೀಮೆಯವರಿಗೆ ಆಲೆಮನೆಯ ಪರಿಚಯವನ್ನು ಮಾಡಿಕೊಡಬೇಕಾದುದಿಲ್ಲ. ಗಾಣದಿಂದ ಇಳಿದ ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿಯುತ್ತದೆ. ಕೆಳಗೆ ಒಣಗಿದ ಸಿಪ್ಪೆ ಉರಿಯುತ್ತದೆ. ಮೇಲೆ ಹಬೆಯು ದಟ್ಟವಾಗಿ ಎದ್ದು ಗಾಳಿಯಲ್ಲಿ ಕರಗಿಹೋಗುತ್ತದೆ. ಆ ಹಬೆಯ ಕಡೆಗೆ ಯಾರೂ ತಿರುಗಿ ನೋಡುವುದಿಲ್ಲ. ಒಲೆಯಿಂದ ಹಾಲಿಗೆ ಸೇರಿದ ಶಾಖದ ಬಹುಭಾಗ ಅದರೊಡನೆ ಹೊರಟುಹೋಗುವುದೆಂದು ಲೆಕ್ಕಹಾಕಿ, ಅದನ್ನು ಹಿಡಿದು ಮತ್ತೆ ಮತ್ತೆ ದುಡಿಸಿದ ಒಬ್ಬ ಮಹನೀಯನ ಕಥೆಯನ್ನು ಹೇಳಹೊರಟಿದ್ದೇನೆ. ಕನ್ನಡದ ಅಧ್ಯಾಪಕನಿಗೆ ಯಂತ್ರದ ಗೊಡವೆ ಏಕೆಂದು ವಾಚಕರು ಕೇಳಬಹುದು. ನನ್ನ ವಿದ್ಯಾರ್ಥಿಗಳಲ್ಲಿ ಅನೇಕರ ಕಾಲೇಜಿನ ಶುಲ್ಕ ಕಬ್ಬಿನ ಹಣದಿಂದಲೇ ಬರುತ್ತಿರುವಾಗ ಆ ಗೊಡವೆ ನನಗೆ ಹೊರಗಿನದಲ್ಲ.

ನಾರ್ಬರ್ಟ್ ರಿಲಿಯೂ ಹುಟ್ಟಿದ್ದು 1806ನೆಯ ಇಸವಿ ಮಾರ್ಚ್ 17ರಂದು, ಅಮೆರಿಕದ ಲೂಯಿಸಿಯಾನಾ ಪ್ರಾಂತದ ನ್ಯೂ ಆರ್ಲಿಯನ್ಸ್ ನಗರದಲ್ಲಿ. ತಂದೆ ವಿನ್ಸೆಂಟ್ ರಿಲಿಯೂ ಬಿಳಿಯ ಸಿರಿವಂತ, ಯಂತ್ರಗಳಲ್ಲಿ ಆಸಕ್ತನಾದವನು. ತಾಯಿ ಕಾನ್ಸ್ಟನ್ಸ್ ವಿವಾಂಟ್ ಆಫ್ರಿಕನ್ ರಕ್ತವಿದ್ದ ಸ್ವತಂತ್ರ ಸ್ತ್ರೀ. ಅವರಿಬ್ಬರ ವಿವಾಹಕ್ಕೆ ಅಲ್ಲಿಯ ಕಾನೂನು ಒಪ್ಪುತ್ತಿರಲಿಲ್ಲ; ಆದರೂ ತಂದೆ ಮಗನನ್ನು ಕೈಬಿಡಲಿಲ್ಲ. ಜಗತ್ಪ್ರಸಿದ್ಧ ಚಿತ್ರಕಾರ ಡೆಗಾನ ತಾಯಿ ಈ ನಾರ್ಬರ್ಟನಿಗೆ ಸೋದರತ್ತೆಯ ಮಗಳು. ಒಂದೇ ಮನೆತನದ ಎರಡು ಕವಲುಗಳು. ಒಂದಕ್ಕೆ ಎಲ್ಲ ಬಾಗಿಲೂ ತೆರೆದಿತ್ತು, ಇನ್ನೊಂದಕ್ಕೆ ಮೈಬಣ್ಣವೇ ಅಗುಳಿಯಾಯಿತು.

ತಂದೆ ಹುಡುಗನನ್ನು ಓದಿಗಾಗಿ ಪ್ಯಾರಿಸ್ಸಿಗೆ ಕಳುಹಿಸಿದನು. 1830ರ ವೇಳೆಗೆ, ಇಪ್ಪತ್ತನಾಲ್ಕರ ಹರೆಯದಲ್ಲಿಯೇ, ರಿಲಿಯೂ ಎಕೋಲ್ ಸಂತ್ರಾಲ್ ಎಂಬ ವಿದ್ಯಾಲಯದಲ್ಲಿ ಯಂತ್ರಶಾಸ್ತ್ರದ ಬೋಧಕನಾಗಿದ್ದನು. ಅಲ್ಲಿಯೇ ನಿಂತಿದ್ದರೆ ಗೌರವದ ಬಾಳು ಕೈಯಲ್ಲಿಯೇ ಇತ್ತು. ಆದರೆ ಆತನು ಹುಟ್ಟಿದೂರಿಗೆ ಹಿಂದಿರುಗಿದನು.

ಹಿಂದಿರುಗಿ ಕಂಡದ್ದೇನು? ಲೂಯಿಸಿಯಾನಾದ ಕಬ್ಬಿನ ತೋಟಗಳಲ್ಲಿ ಕಬ್ಬಿನ ಹಾಲನ್ನು ಬತ್ತಿಸುತ್ತಿದ್ದ ಕ್ರಮಕ್ಕೆ ‘ಜಮೈಕಾ ಸಾಲು’ ಎಂದು ಹೆಸರು. ಒಂದಕ್ಕಿಂತ ಒಂದು ಚಿಕ್ಕದಾದ ತೆರೆದ ಕೊಪ್ಪರಿಗೆಗಳು ಒಂದೇ ಉರಿಯ ಮೇಲೆ ಸಾಲಾಗಿ ಕೂತಿರುತ್ತಿದ್ದುವು. ಗುಲಾಮರು ಉದ್ದ ಹಿಡಿಯ ಸೌಟುಗಳಿಂದ ಕುದಿಯುವ ಹಾಲನ್ನು ಒಂದರಿಂದ ಇನ್ನೊಂದಕ್ಕೆ ತೋಡಿ ಸುರಿಯಬೇಕು. ಸುಗ್ಗಿಯ ಕಾಲದಲ್ಲಿ ಹಗಲಿರುಳೆಂಬ ಭೇದವಿಲ್ಲ. ಪಾಕ ಸಿಡಿದು ಮೈ ಬೇಯುವುದು ಅಲ್ಲಿ ದಿನದ ಮಾತು. ಇಷ್ಟಾದರೂ ಸಕ್ಕರೆ ಸೀದು ಕಪ್ಪಾಗುತ್ತಿತ್ತು. ಸೌದೆ ರಾಶಿರಾಶಿಯಾಗಿ ಉರಿದುಹೋಗುತ್ತಿತ್ತು. ಗಾಳಿಯ ಒತ್ತಡವನ್ನು ತಗ್ಗಿಸಿ ಕಡಿಮೆ ಶಾಖದಲ್ಲಿ ಪಾಕ ಮಾಡುವ ಉಪಾಯವನ್ನು ಇಂಗ್ಲೆಂಡಿನ ಹೋವರ್ಡ್ ಮೊದಲೇ ಕಂಡುಕೊಂಡಿದ್ದನು. ಆದರೆ ಅವನ ಪಾತ್ರೆಯಿಂದ ಎದ್ದ ಹಬೆಯೂ ನಮ್ಮ ಆಲೆಮನೆಯ ಹಬೆಯಂತೆ ವ್ಯರ್ಥವಾಗಿಯೇ ಹೋಗುತ್ತಿತ್ತು.

ಇಲ್ಲಿ ಸ್ವಲ್ಪ ಶಾಸ್ತ್ರ ಹೇಳದೆ ವಿಧಿಯಿಲ್ಲ. ಒಂದು ಗ್ರಾಂ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು 100 ಕ್ಯಾಲೊರಿ ಶಾಖ ಸಾಕು. ಆದರೆ ಕುದಿವ ನೀರನ್ನು ಹಬೆಯಾಗಿಸಲು ಮತ್ತೂ 540 ಕ್ಯಾಲೊರಿ ಬೇಕು. ಈ ಶಾಖವೆಲ್ಲ ಹಬೆಯಲ್ಲಿ ಅಡಗಿ ಕುಳಿತಿರುತ್ತದೆ. ಹಬೆ ನೀರಾದಾಗ ಹಿಂದಕ್ಕೆ ಬರುತ್ತದೆ. ರಿಲಿಯೂ ಮುಚ್ಚಿದ ಪಾತ್ರೆಗಳನ್ನು ಸಾಲಾಗಿ ನಿಲ್ಲಿಸಿದನು. ಮೊದಲ ಪಾತ್ರೆಯ ಹಾಲಿನಿಂದೆದ್ದ ಹಬೆಯನ್ನು ಎರಡನೆಯದರ ನಳಿಗೆಗಳಿಗೆ ಹಾಯಿಸಿ ಅಲ್ಲಿಯ ಹಾಲನ್ನು ಕುದಿಸಿದನು. ಅದರ ಹಬೆಯಿಂದ ಮೂರನೆಯದನ್ನು. ಮುಂದುಮುಂದಿನ ಪಾತ್ರೆಯಲ್ಲಿ ಒತ್ತಡ ಕಡಿಮೆ; ಆದುದರಿಂದ ಕಡಿಮೆ ಬಿಸಿಯ ಹಬೆಯೂ ಅಲ್ಲಿ ಕುದಿಸಬಲ್ಲುದು. ಹೀಗೆ ಮೂರು ಪಾತ್ರೆಗಳಿದ್ದರೆ ಒಂದು ಸೇರು ಹಬೆಯಿಂದ ಹತ್ತಿರಹತ್ತಿರ ಮೂರು ಸೇರು ನೀರು ಆರುತ್ತದೆ. ರಿಲಿಯೂವಿನ ನಳಿಗೆಗಳು ಅಡ್ಡಲಾಗಿದ್ದುವು, ಹಬೆ ಅವುಗಳೊಳಗೆ ಹರಿಯುತ್ತಿತ್ತು. ಮುಂದೆ ರಾಬರ್ಟ್ ಎಂಬವನು ನಳಿಗೆಗಳನ್ನು ನೆಟ್ಟಗೆ ನಿಲ್ಲಿಸಿ ಹಾಲನ್ನೇ ಒಳಗೆ ಹರಿಸಿದನು. ಮನೆಯ ಫ್ರಿಜ್ಜಿನೊಳಗಿನ ತಣ್ಣನೆಯ ಕೊಳವೆಯೂ ಇದೇ ಕುಲದ ಇವಾಪರೇಟರು. ಅಲ್ಲಿ ಒತ್ತಡ ತಗ್ಗಿದ ದ್ರವ ಕುದಿಯುವುದಕ್ಕೆ ಬೇಕಾದ ಶಾಖವನ್ನು ನಮ್ಮ ಹಾಲು ಮೊಸರುಗಳಿಂದ ಹೀರಿಕೊಳ್ಳುತ್ತದೆ.

ಮೊದಮೊದಲ ಪ್ರಯತ್ನಗಳು ಕೈಗೂಡಲಿಲ್ಲ. 1843ರಲ್ಲಿ ಮೊದಲ ಪೇಟೆಂಟ್, 1846ರಲ್ಲಿ ಇನ್ನೊಂದು ದೊರೆತವು. ಈ ನಡುವೆ ಪ್ಯಾಕ್‌ವುಡ್ ಎಂಬ ತೋಟಗಾರನ ಮರ್ಟಲ್ ಗ್ರೋವ್ ತೋಟದಲ್ಲಿ ಯಂತ್ರ ಗೆದ್ದಿತು. ಸಕ್ಕರೆ ಬೆಳ್ಳಗಾಯಿತು, ಸೌದೆ ಉಳಿಯಿತು, ಸೌಟಿನ ಸಾಲು ಮುರಿಯಿತು. ತೋಟಗಾರರು ರಿಲಿಯೂವಿನ ಬುದ್ಧಿಯನ್ನು ಕೊಂಡರು. ಆದರೆ ಅವನನ್ನು ತಮ್ಮ ಮನೆಗಳಲ್ಲಿ ಸಮಾನ ಅತಿಥಿಯೆಂದು ಕೂರಿಸಿಕೊಳ್ಳುವ ಪದ್ಧತಿ ಅವರಲ್ಲಿರಲಿಲ್ಲ. ಯಂತ್ರದ ಲಾಭವೂ ಗುಲಾಮರ ಒಡೆಯರಿಗೇ ಸಂದಿತು. ಗುಲಾಮನ ಮೈ ಬೇಯುವುದನ್ನು ತಪ್ಪಿಸಿದ ಯಂತ್ರವೇ ಅವನ ಒಡೆಯನ ಬೊಕ್ಕಸವನ್ನೂ ತುಂಬಿತು. ಈ ಇಬ್ಬಂದಿಯನ್ನು ಮರೆಸಿ ರಿಲಿಯೂವಿನ ಚರಿತ್ರೆಯನ್ನು ಬರಿಯ ಜಯಗಾಥೆಯಾಗಿ ಬರೆಯುವವರನ್ನು ನಾನು ಒಪ್ಪಲಾರೆ.

ತನ್ನ ನಗರದ ಕೊಳಚೆ ನೀರನ್ನು ಹೊರಹಾಕಲು ಆತನು ಹೂಡಿದ ಯೋಜನೆಯನ್ನು ಊರು ತಳ್ಳಿಹಾಕಿತು. 1850ರ ದಶಕದಲ್ಲಿ ಸ್ವತಂತ್ರ ಕರಿಯರ ಮೇಲಿನ ಕಟ್ಟುಪಾಡುಗಳು ಇನ್ನಷ್ಟು ಬಿಗಿಯಾದವು. ಅಂತರ್ಯುದ್ಧಕ್ಕೆ ಮುನ್ನವೇ ರಿಲಿಯೂ ಮತ್ತೆ ಪ್ಯಾರಿಸ್ಸಿಗೆ ಹೋದನು. ಯಂತ್ರದ ಮೇಲಿನ ಅಕ್ಕರೆ ಬತ್ತಿತೋ ಏನೋ, ವರ್ಷಗಟ್ಟಲೆ ಪ್ರಾಚೀನ ಈಜಿಪ್ಟಿನ ಚಿತ್ರಲಿಪಿಯ ಅಧ್ಯಯನದಲ್ಲಿ ಮುಳುಗಿದನು. 1880ರಲ್ಲಿ ಲೂಯಿಸಿಯಾನಾದ ತೋಟಗಾರನೊಬ್ಬನು ಅವನನ್ನು ಕಂಡದ್ದು ಗ್ರಂಥಾಲಯದಲ್ಲಿ, ಆ ಲಿಪಿಗಳ ನಡುವೆ. ನನ್ನಂಥ ಶಾಸನಪ್ರಿಯರಿಗೆ ಈ ಚಿತ್ರ ಬಹು ಪ್ರಿಯವಾದುದು. ಮರುವರ್ಷ, ಎಪ್ಪತ್ತೈದರ ಮುಪ್ಪಿನಲ್ಲಿ, ಬೀಟ್ ಸಕ್ಕರೆಗಾಗಿ ಮತ್ತೊಂದು ಸುಧಾರಣೆಯನ್ನು ಹೊರತಂದನು. 1894ರ ಅಕ್ಟೋಬರ್ 8ರಂದು ತೀರಿಕೊಂಡನು. ಸಮಾಧಿ ಪ್ಯಾರಿಸ್ಸಿನ ಪೇರ್ ಲಾಶೇಸ್ ಸ್ಮಶಾನದಲ್ಲಿದೆ.

1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಅದಕ್ಕೆ ದುಡಿದ ಕೋಲ್ಮನ್ ಸಾಹೇಬರ ಹೆಸರು ನಮ್ಮಲ್ಲಿ ಇಂದಿಗೂ ಪರಿಚಿತ. ರಿಲಿಯೂವಿನ ಹೆಸರನ್ನು ಬಲ್ಲವರು ವಿರಳ. ಅದರ ಮರುವರ್ಷವೇ, 1934ರಲ್ಲಿ, ಲೋಕದ ಸಕ್ಕರೆ ಉದ್ಯಮದವರು ಸೇರಿ ಲೂಯಿಸಿಯಾನಾದ ವಸ್ತುಸಂಗ್ರಹಾಲಯದಲ್ಲಿ ರಿಲಿಯೂವಿನ ಕಂಚಿನ ಫಲಕವನ್ನು ನಿಲ್ಲಿಸಿದರು. 2002ರಲ್ಲಿ ಅಮೆರಿಕದ ರಸಾಯನ ಸಂಘವು ಅವನ ಯಂತ್ರವನ್ನು ರಾಷ್ಟ್ರೀಯ ಚಾರಿತ್ರಿಕ ಹೆಗ್ಗುರುತೆಂದು ಸಾರಿತು. ಆ ಸಮಾರಂಭ ನಡೆದದ್ದು ನ್ಯೂ ಆರ್ಲಿಯನ್ಸಿನಲ್ಲಿಯೇ, ಕರಿಯರ ಶಿಕ್ಷಣಕ್ಕೆಂದು ಬೆಳೆದುಬಂದ ಡಿಲಾರ್ಡ್ ವಿಶ್ವವಿದ್ಯಾಲಯದಲ್ಲಿ.